ಪದಕ್ಕೆ ಪದ

ನನ್ನ ಅತ್ತೆಗೆ ಸಿಟ್ಟು ಬರಿಸಲು ಹೆಚ್ಚು ಕಷ್ಟಪಡಬೇಕಿರಲಿಲ್ಲ. ಒಂದು ಮಾತನ್ನು ಪದಕ್ಕೆ ಪದ ಇಟ್ಟು ಅನುವಾದಿಸಿ, ಇದೇ ಇಂಗ್ಲಿಷ್ ಎಂದು ಅವರ ಮುಂದೆ ಹಿಡಿದರೆ ಸಾಕಿತ್ತು. ಹಾಗಂತ ಸಿಡುಕಿನ ಹೆಂಗಸೇನಲ್ಲ. ನಾನು ಹಾಲು ಉಕ್ಕಿಸಿ ಒಲೆ ಹಾಳು ಮಾಡಿದರೂ, ಲೆಕ್ಕದ ಪರೀಕ್ಷೆಯಲ್ಲಿ ಡುಮ್ಕಿ ಹೊಡೆದು ಬಂದರೂ ಎಲ್ಲವನ್ನೂ ಹೊಟ್ಟೆಗೆ ಹಾಕಿಕೊಂಡವರು. ಕೆಲಸದ ಮೇಜಿನ ಮುಂದೆ ಕೂತರೆ ಮಾತ್ರ ಅವರ ವರಸೆಯೇ ಬೇರೆ. ಇದೇನು ಇಂಗ್ಲಿಷೋ, ಇಲ್ಲ ಸ್ಪ್ಯಾನಿಷ್‌ನ ಹೆಣಕ್ಕೆ ಇಂಗ್ಲಿಷ್ ಬಟ್ಟೆ ಉಡಿಸಿದ್ದೀಯೋ ಎಂದು ಕೇಳಿ ಚೀಟಿಯನ್ನು ನನ್ನ ಕಡೆಗೆ ತಳ್ಳುತ್ತಿದ್ದರು.

ಅವರು ಅಪ್ಪನ ಅಕ್ಕ. ಮದುವೆಯಾಗಿ ಸ್ಪ್ಯಾನಿಷ್ ಆಡುವ ಊರಿಗೆ ಹೋದರು. ಮಾವ ಅಲ್ಲಿ ಹಡಗಿನ ಕಚೇರಿಯಲ್ಲಿ ಗುಮಾಸ್ತರಾಗಿದ್ದರು. ಮಾವ ತೀರಿಕೊಂಡ ಮೇಲೆ ಅತ್ತೆ ಒಂದು ಪೆಟ್ಟಿಗೆ ಹಿಡಿದು, ಇಂಗ್ಲಿಷ್ ಆಡುವ ಈ ಊರಿನಲ್ಲಿ ನೆಲೆಸಿದ್ದ ತಮ್ಮನ ಮನೆಗೆ ಬಂದರು. ನಾನಾಗ ಹೈಸ್ಕೂಲಿನಲ್ಲಿದ್ದೆ. ಅವರ ಸ್ಪ್ಯಾನಿಷ್ ಪುಸ್ತಕದಿಂದ ಬಂದದ್ದಲ್ಲ. ಮೀನಿನ ಅಂಗಡಿ, ಬಟ್ಟೆ ಒಗೆಯುವ ಕೋಣೆ, ಪಕ್ಕದ ಮನೆಯ ಮೆಟ್ಟಿಲು, ಇಲ್ಲೆಲ್ಲ ನಿಂತು ಕಿವಿಯಿಂದ ಕಲಿತದ್ದು. ಹಾಗಾಗಿ ಅದರ ತುಂಬ ಗಾದೆ, ನುಡಿಗಟ್ಟು, ಬೈಗುಳಗಳೇ ಇದ್ದವು. ಮೊದಲಿನ ಎರಡನ್ನು ನನಗೆ ಮನಸ್ಸಿಟ್ಟು ಕಲಿಸಿದರು. ಮೂರನೆಯದನ್ನು ನಾನೇ ಕದ್ದು ಕಲಿತೆ.

ಅನುವಾದದ ಕೆಲಸ ಶುರುವಾದದ್ದು ವ್ಯಾಪಾರಿಗಳ ಕಾಗದಗಳಿಂದ. ಆಮೇಲೊಂದು ದಿನ ದಪ್ಪನೆಯ ಪ್ರಕಾಶಕರೊಬ್ಬರು ನಮ್ಮ ಎರಡು ಮಹಡಿಯ ಕಿರಿದಾದ ಮೆಟ್ಟಿಲು ಹತ್ತಿ, ಏದುಸಿರು ಬಿಡುತ್ತಾ ಬಂದು ಕೂತರು. ಸ್ಪ್ಯಾನಿಷ್ ಗಾದೆಗಳನ್ನೂ ನುಡಿಗಟ್ಟುಗಳನ್ನೂ ಸಹಜವಾದ ಇಂಗ್ಲಿಷಿಗೆ ತರಬೇಕು, ಓದುವವನಿಗೆ ಅವು ಬೇರೆ ಕಡೆಯಿಂದ ಬಂದವೆಂಬ ಗುಮಾನಿಯೂ ಬರಬಾರದು ಎಂದರು. ಒಂದು ಪುಸ್ತಕ ಎಂದು ಹೊರಟದ್ದು ಸಂಪುಟದ ಮೇಲೆ ಸಂಪುಟವಾಗಿ ಬೆಳೆಯಿತು. ನಾನು ಕಾಲೇಜು ಮುಗಿಸಿದೆ, ಬೇರೆ ಕೆಲಸ ಹುಡುಕುತ್ತೇನೆ ಎಂದು ಎಲ್ಲರಿಗೂ ಹೇಳುತ್ತಲೇ ಅತ್ತೆಯ ಎದುರಿನ ಕುರ್ಚಿಯಲ್ಲಿ ಬೇರು ಬಿಟ್ಟೆ.

ನಮ್ಮ ಕೆಲಸಕ್ಕೊಂದು ಕ್ರಮವಿತ್ತು. ಮೊದಲು ನಾನು ಪ್ರತಿ ಮಾತಿನ ಪದಕ್ಕೆ ಪದ ಅರ್ಥವನ್ನು ಚೀಟಿಯ ಹಿಂಬದಿಯಲ್ಲಿ ಪೆನ್ಸಿಲಿನಿಂದ ಬರೆಯಬೇಕು. ಅದಕ್ಕೆ ಅತ್ತೆ ಇಟ್ಟ ಹೆಸರು ಮೂಳೆ. ಅದನ್ನು ನೋಡಿಕೊಂಡು ಅವರು ಮುಂಬದಿಯಲ್ಲಿ ಶಾಯಿಯಿಂದ ಇಂಗ್ಲಿಷ್ ಬರೆಯುತ್ತಿದ್ದರು. ಬರೆದು ಮುಗಿಸಿದ ಕೂಡಲೇ ಹಿಂಬದಿಯ ಮೂಳೆಯನ್ನು ರಬ್ಬರಿನಿಂದ ಉಜ್ಜಿ ಅಳಿಸಬೇಕು. ಮೂಳೆ ಹೊರಗಿನವರ ಕಣ್ಣಿಗೆ ಬೀಳುವುದೆಂದರೆ ಒಳಬಟ್ಟೆಯನ್ನು ಬೀದಿಯಲ್ಲಿ ಒಣಹಾಕಿದ ಹಾಗೆ ಎನ್ನುತ್ತಿದ್ದರು. ಕರಡು ಬರೆಯುವವಳು ನಾನಾದ್ದರಿಂದ ನನ್ನನ್ನು ಕರಡಿ ಎಂದು ಕರೆದರು. ಮೈಕಟ್ಟಿಗೂ ಆ ಹೆಸರು ಒಪ್ಪುತ್ತದೆ ಎಂದು ಅಪ್ಪ ಸೇರಿಸಿದರು. ಅಂದಿನಿಂದ ಮನೆಯಲ್ಲಿ ಯಾರೂ ನನ್ನ ನಿಜವಾದ ಹೆಸರನ್ನು ಕರೆದದ್ದಿಲ್ಲ.

ನನಗೋ ಆ ಮೂಳೆಗಳೆಂದರೇ ಪ್ರಾಣ. ನಾವೂ ಇಂಗ್ಲಿಷಿನವರೂ ತಮಾಷೆಗೆ ಒಬ್ಬರ ಕಾಲೆಳೆದರೆ ಅಲ್ಲಿನವರು ಕೂದಲು ಹಿಡಿಯುತ್ತಾರೆ. ಬಾಯಿಬಡುಕ ಅಲ್ಲಿ ಮೊಣಕೈಗಳಿಂದ ಮಾತಾಡುತ್ತಾನೆ. ತಲೆಕೆಟ್ಟವನು ಮೇಕೆಯ ಹಾಗಿರುತ್ತಾನೆ. ಒಬ್ಬರನ್ನೊಬ್ಬರು ಬಿಟ್ಟಿರಲಾರದ ಇಬ್ಬರು ಉಗುರು ಮತ್ತು ಮಾಂಸ. ಇಷ್ಟು ಚೆಂದದ ಮೇಕೆಯನ್ನು ರಬ್ಬರಿನಿಂದ ಉಜ್ಜುವಾಗ ನನಗೆ ಹೊಟ್ಟೆ ಉರಿಯುತ್ತಿತ್ತು. ಒಂದು ಸಲ ಮುಖ ಊದಿಸಿಕೊಂಡು, ಮೇಕೆ ಇರಲಿ ಬಿಡಿ ಅತ್ತೆ, ಓದುವವರಿಗೂ ಮಜ ಸಿಗಲಿ ಎಂದೆ.

"ಆ ಮಾತು ಆಡೋರಿಗೆ ಮೇಕೆ ಕಾಣೋದೇ ಇಲ್ಲ ಕಣೇ ಕರಡಿ," ಎಂದರು ಅತ್ತೆ. "ಹೊರಗಿನವರಿಗೆ ಮಾತ್ರ ಕಾಣೋದು. ಅವರ ಮನಸ್ಸಲ್ಲಿ ಇಲ್ಲದ್ದನ್ನ ಅವರ ಬಾಯಿಗೆ ಯಾಕೆ ತುರುಕ್ತೀಯ?"

ರಬ್ಬರು ಎತ್ತಿಕೊಂಡು ಮೇಕೆಯನ್ನು ಅಳಿಸಿದೆ.

ಕೆಳಗಿನ ಮಳಿಗೆಯಲ್ಲಿ ಒಬ್ಬ ದರ್ಜಿಯಿದ್ದ. ಹುಟ್ಟಿದಾಗಿನಿಂದ ಇಂಗ್ಲಿಷನ್ನೇ ಆಡಿ ಬೆಳೆದವನು. ಬೇರೆ ಭಾಷೆ ಗೊತ್ತಿಲ್ಲ, ಗೊತ್ತು ಮಾಡಿಕೊಳ್ಳುವ ಉಮೇದೂ ಇಲ್ಲ. ಅತ್ತೆ ಸಂಜೆ ಚೀಟಿಗಳ ಕಂತೆ ಹಿಡಿದು ಕೆಳಗಿಳಿಯುತ್ತಿದ್ದರು. ಹವಾಮಾನ, ಮನೆ ಬಾಡಿಗೆ, ಮಂಡಿನೋವು ಎಂದು ಅವನೊಡನೆ ಲೋಕಾಭಿರಾಮ ಮಾತಾಡುತ್ತಾ ನಡುವೆ ಆವತ್ತಿನ ಅನುವಾದಗಳನ್ನು ಒಂದೊಂದಾಗಿ ಸೇರಿಸಿಬಿಡುತ್ತಿದ್ದರು. ಹೊಲಿಗೆ ಯಂತ್ರ ನಿಲ್ಲದೆ ಓಡಿದರೆ ಆ ಚೀಟಿ ಪಾಸು. ದರ್ಜಿ ಪೆಡಲಿನಿಂದ ಕಾಲು ತೆಗೆದು ಏನಂದಿರಿ ಎಂದು ಕೇಳಿದರೆ ಫೇಲು, ಮತ್ತೆ ಮೇಲೆ ಬಂದು ಮೊದಲಿನಿಂದ ಶುರು. ತಾನೊಬ್ಬ ಪರೀಕ್ಷಕನೆಂದು ಅವನಿಗೆ ಕೊನೆಯವರೆಗೂ ತಿಳಿಯಲಿಲ್ಲ. ಮೇಲಿನ ಮನೆಯ ಹೆಂಗಸಿಗೆ ತನ್ನ ಮೇಲೆ ಕಣ್ಣಿದೆ ಎಂದು ಮಾತ್ರ ಯಾರೊಡನೆಯೋ ಹೇಳಿಕೊಂಡಿದ್ದನಂತೆ. ಅದು ಕಿವಿಗೆ ಬಿದ್ದಾಗ ಅತ್ತೆ ಹೊಟ್ಟೆ ಹುಣ್ಣಾಗುವಂತೆ ನಕ್ಕರು, ಮಾರನೆಯ ದಿನ ಹೊಸ ಕಂತೆಯೊಂದಿಗೆ ಇಳಿದರು.

ಅತ್ತೆಯ ನಿಯಮ ಒಮ್ಮೆ ಅವರಿಗೇ ಕೈಕೊಟ್ಟಿತು. ತರಕಾರಿಯ ಸಗಟು ವ್ಯಾಪಾರಿಯೊಬ್ಬ ತನ್ನ ಪಾಲುದಾರ ಸ್ಪ್ಯಾನಿಷಿನಲ್ಲಿ ಬರೆದ ಕಾಗದ ತಂದಿದ್ದ. ಬಂದರಿನ ಖರೀದಿದಾರನಿಗೆ ಕುಂಬಳಕಾಯಿ ಕೊಟ್ಟೆವು ಎಂದು ಅದರಲ್ಲಿತ್ತು. ಸ್ಪ್ಯಾನಿಷಿನಲ್ಲಿ ಕುಂಬಳಕಾಯಿ ಕೊಡುವುದೆಂದರೆ ಕೇಳಿಕೊಂಡು ಬಂದವನನ್ನು ಬೇಡವೆಂದು ಕಳಿಸುವುದು. ಹೆಚ್ಚಾಗಿ ಹೆಣ್ಣು ಕೇಳಲು ಬಂದವನಿಗೆ ಆ ಮರ್ಯಾದೆ. ಅತ್ತೆ ಒಂದು ಗಳಿಗೆಯೂ ಯೋಚಿಸದೆ, ಆತನನ್ನು ಒಪ್ಪದೆ ಕಳಿಸಿದೆವು ಎಂದು ಸೊಗಸಾದ ಇಂಗ್ಲಿಷಿನಲ್ಲಿ ಬರೆದುಕೊಟ್ಟರು. ಒಳ್ಳೆ ಗಿರಾಕಿ ಕೈತಪ್ಪಿದ ಎಂದು ವ್ಯಾಪಾರಿ ತಲೆ ಮೇಲೆ ಕೈ ಹೊತ್ತು ಕೂತ. ಆಮೇಲೆ ನೋಡಿದರೆ ಅವರು ನಿಜವಾಗಿಯೂ ಲಾರಿ ತುಂಬ ಕುಂಬಳಕಾಯಿಯನ್ನೇ ಕೊಟ್ಟಿದ್ದರು. ನಾನು ತಿಂಗಳುಗಟ್ಟಲೆ ಅತ್ತೆಯ ಕಾಲೆಳೆದೆ. ಅತ್ತೆ ಮಾತ್ರ, ತರಕಾರಿಯವನು ಆ ಮಾತನ್ನು ಬಳಸಿದ್ದೇ ತಪ್ಪು, ಹೀರೆಕಾಯಿಯನ್ನೋ ಸೌತೆಕಾಯಿಯನ್ನೋ ಕೊಡಬೇಕಿತ್ತು ಎಂದು ವಾದಿಸಿದರೇ ಹೊರತು ಸೋಲೊಪ್ಪಲಿಲ್ಲ.

ಆ ಕೋಣೆ ಈಗಲೂ ಇದೆ. ಕಿಟಕಿಯ ಪಕ್ಕದ ಮೇಜು, ಶಾಯಿ ಚೆಲ್ಲಿ ಕಪ್ಪಾದ ಅದರ ಮೂಲೆ, ಅತ್ತೆ ಬೆನ್ನಿಗೆ ಇಟ್ಟುಕೊಳ್ಳುತ್ತಿದ್ದ ಮೆತ್ತನೆಯ ದಿಂಬು ಎಲ್ಲವೂ ಇವೆ. ದರ್ಜಿ ತೀರಿಕೊಂಡು, ಅವನ ಮಳಿಗೆಯಲ್ಲಿ ಮೊಬೈಲ್ ರಿಪೇರಿಯವನು ಕೂತಿದ್ದಾನೆ. ಕೆಳಗಿನಿಂದ ಹೊಲಿಗೆ ಯಂತ್ರದ ಸದ್ದು, ಎದುರಿನಿಂದ ಶಾಯಿ ಪೆನ್ನಿನ ಸದ್ದು, ನಡುವೆ ನನ್ನ ರಬ್ಬರಿನ ಸದ್ದು, ಇಷ್ಟಿದ್ದರೆ ನನಗೆ ಲೋಕದಲ್ಲಿ ಬೇರೇನೂ ಬೇಕಿರಲಿಲ್ಲ. ಆಗ ಅದು ಗೊತ್ತೂ ಇತ್ತು; ಕಳೆದುಕೊಂಡ ಮೇಲೆ ಬೆಲೆ ತಿಳಿಯಿತು ಎಂದು ನಾನು ಹೇಳಲಾರೆ. ಮದುವೆಯ ಮಾತು ಬಂದಾಗಲೆಲ್ಲ ನಾನು ಸಂಪುಟದ ನೆಪ ಹೇಳಿದೆ. ಅತ್ತೆ ಅದನ್ನು ನಂಬಿದಂತೆ ನಟಿಸಿದರು.

ಈ ಸಲದ ಚಳಿಗಾಲದ ಶುರುವಿನಲ್ಲಿ ಒಂದು ಬೆಳಿಗ್ಗೆ ಅತ್ತೆ ಮೇಜಿನ ಮುಂದೆಯೇ ಒಂದು ಬದಿಗೆ ವಾಲಿದರು. ಮಿದುಳಿನ ಎಡಭಾಗಕ್ಕೆ ರಕ್ತ ಹೋಗುವುದು ನಿಂತಿತ್ತು ಎಂದು ಆಸ್ಪತ್ರೆಯಲ್ಲಿ ಹೇಳಿದರು. ಬಲಗೈ ಬಲಗಾಲು ಬಿದ್ದುಹೋದವು. ಮಾತೂ ಹೋಯಿತು. ನನ್ನ ಹೆಸರು, ಅಪ್ಪನ ಹೆಸರು, ಹುಟ್ಟಿದಾಗಿನಿಂದ ಆಡಿದ ಕನ್ನಡ, ದುಡಿದು ಸಂಪಾದಿಸಿದ ಇಂಗ್ಲಿಷ್ ಎಲ್ಲವೂ ಗುಡಿಸಿಹಾಕಿದಂತೆ ಹೋದವು. ಅಪ್ಪ ಹಾಸಿಗೆಯ ಪಕ್ಕದಲ್ಲಿ ನಿಂತು ಅಕ್ಕ, ಅಕ್ಕ ಎಂದು ಎಷ್ಟು ಕರೆದರೂ ಅತ್ತೆಯ ಬಾಯಿಂದ ಒಂದು ಪದ ಹೊರಡಲಿಲ್ಲ.

ಕೆಲವು ದಿನಗಳ ಮೇಲೆ, ತಾಪಮಾನ ನೋಡಲು ಬಂದ ನರ್ಸೊಬ್ಬಳು ತನ್ನ ನಾದಿನಿಯ ಪುರಾಣ ಬಿಚ್ಚಿ ಮುಗಿಸುವ ಸೂಚನೆಯೇ ಕಾಣದಿದ್ದಾಗ, ದಿಂಬಿನ ಮೇಲಿನಿಂದ ಸ್ಪಷ್ಟವಾದ ಸ್ಪ್ಯಾನಿಷ್ ಕೇಳಿಸಿತು. ಮೊಣಕೈಗಳಿಂದ ಮಾತಾಡುತ್ತಾಳೆ ಎಂದಿದ್ದರು ಅತ್ತೆ. ನಾನು ನಕ್ಕು ನಕ್ಕು ಅತ್ತುಬಿಟ್ಟೆ. ನರ್ಸು ಇಬ್ಬರಿಗೂ ತಲೆಕೆಟ್ಟಿದೆ ಎಂದುಕೊಂಡಿರಬೇಕು.

ಮಾತಿನ ಚಿಕಿತ್ಸೆ ಕೊಡುವಾಕೆ ಇದನ್ನು ನನಗೆ ಬಿಡಿಸಿ ಹೇಳಿದಳು. ಪದಗಳನ್ನು ಜೋಡಿಸಿ ಹೊಸ ವಾಕ್ಯ ಕಟ್ಟುವ ಶಕ್ತಿ ಅತ್ತೆಗೆ ಹೋಗಿದೆ. ನಾಲಿಗೆಗೆ ಅಭ್ಯಾಸವಾದ ಸಿದ್ಧ ಮಾತುಗಳು ಮಾತ್ರ, ಹಾಡಿನ ಸಾಲು ಬರುವಂತೆ, ಇಡಿಯಾಗಿ ಹೊರಬರುತ್ತವೆ. ಅದರೊಳಗಿನ ಒಂದು ಪದವನ್ನೂ ಅವರು ಬದಲಿಸಲಾರರು. ಇಂಥವರನ್ನು ನೋಡಿದ್ದೇನೆ ಎಂದಳು, ಕೆಲವರಿಗೆ ಎಣಿಕೆ ಉಳಿಯುತ್ತದೆ, ಕೆಲವರಿಗೆ ಬೈಗುಳ. ಆಕೆಗೆ ಅದು ಕೊರತೆಯಾಗಿ ಕಂಡಿತು. ನನಗೆ ಹಾಗೆ ಕಾಣಲಿಲ್ಲ. ಅತ್ತೆಗೆ ಗೊತ್ತಿದ್ದ ಸಿದ್ಧ ಮಾತುಗಳು ಎಷ್ಟೆಂದು ಆಕೆಗೇನು ಗೊತ್ತು? ಸೂಪು ತಣ್ಣಗಾಗಿದ್ದರೆ ಒಂದು ಮಾತು, ವೈದ್ಯರು ತಡವಾಗಿ ಬಂದರೆ ಒಂದು ಮಾತು, ಅಪ್ಪ ಅಳತೊಡಗಿದರೆ ಇನ್ನೊಂದು. ಎಲ್ಲವೂ ಇಟ್ಟ ಜಾಗಕ್ಕೆ ಕೂರುವಂಥವು. ಒಳಗೆ ನನ್ನ ಅತ್ತೆ ಇದ್ದಹಾಗೇ ಇದ್ದಾರೆ, ಹೊರಗೆ ಬರುವ ಬಾಗಿಲು ಮಾತ್ರ ಕಿರಿದಾಗಿದೆ ಎಂದು ನಾನು ನಂಬಿದೆ. ಮನೆಗೆ ಕರೆದುಕೊಂಡು ಹೋಗಿ ಆ ಮೇಜಿನ ಮುಂದೆ ಕೂರಿಸಿದರೆ ಉಳಿದದ್ದೂ ಬಂದೀತು ಎಂದು ಲೆಕ್ಕ ಹಾಕಿದೆ.

ಅಪ್ಪ ಒಪ್ಪಲಿಲ್ಲ. ಎರಡು ಮಹಡಿ ಹತ್ತಿಸುವವರು ಯಾರು, ಸ್ನಾನ ಮಾಡಿಸಲು ಎತ್ತುವವರು ಯಾರು, ನಿನ್ನ ಬೆನ್ನು ಮುರಿದರೆ ಇಬ್ಬರನ್ನೂ ನೋಡುವವರು ಯಾರು ಎಂದು ಕೇಳಿದರು. ಊರಾಚೆ ಒಂದು ಆರೈಕೆ ಮನೆಯಿದೆ, ಹಗಲೂ ರಾತ್ರಿಯೂ ನೋಡಿಕೊಳ್ಳುವವರಿದ್ದಾರೆ, ಅಲ್ಲಿಗೆ ಸೇರಿಸೋಣ ಎಂದರು. ನಾನು ಪಟ್ಟು ಬಿಡಲಿಲ್ಲ. ಅಪ್ಪನೊಡನೆ ಅಷ್ಟು ಜೋರಾಗಿ ಜೀವಮಾನದಲ್ಲಿ ಜಗಳವಾಡಿರಲಿಲ್ಲ. ಕೊನೆಗೆ ಆಸ್ಪತ್ರೆಯವರೇ, ಎಲ್ಲಿಗೆ ಹೋಗಬೇಕೆಂದು ರೋಗಿಯ ಬಾಯಿಂದಲೇ ಕೇಳಿ ತೀರ್ಮಾನಿಸುತ್ತೇವೆ ಎಂದರು. ಅದಕ್ಕೆಂದೇ ಒಬ್ಬ ಹಿರಿಯ ಡಾಕ್ಟರಮ್ಮ ಇದ್ದರು. ರೋಗಿಯ ಮಾತಿನಲ್ಲಿ ಅರ್ಥವಿದ್ದರೆ ಅವರ ಇಚ್ಛೆಯಂತೆ, ಇಲ್ಲದಿದ್ದರೆ ತಮ್ಮನ ಇಚ್ಛೆಯಂತೆ.

ಡಾಕ್ಟರಮ್ಮನಿಗೆ ಬರುತ್ತಿದ್ದುದು ಇಂಗ್ಲಿಷ್ ಮಾತ್ರ. ಮೊದಲ ಸಲ ಆಸ್ಪತ್ರೆಯ ದುಭಾಷಿಯನ್ನೇ ಕರೆಸಿದರು. ನಾನು ಬಾಗಿಲಾಚೆ ಕೂತು ಕೇಳುತ್ತಿದ್ದೆ. ಪುಣ್ಯಾತ್ಮ ಪದಕ್ಕೆ ಪದ ಒಪ್ಪಿಸಿದ. ಹೇಗಿದ್ದೀರಿ ಎಂದು ಕೇಳಿದರೆ ರೋಗಿ ಮೇಕೆ ಎನ್ನುತ್ತಿದ್ದಾರೆ, ಊಟ ಸೇರುತ್ತದೆಯೇ ಎಂದರೆ ಕುಂಬಳಕಾಯಿ ಎನ್ನುತ್ತಿದ್ದಾರೆ ಎಂದ. ಡಾಕ್ಟರಮ್ಮ ಪಾಪ ಬೇರೇನು ತಿಳಿದಾರು? ಮಾತು ಅಸಂಬದ್ಧ ಎಂದು ಬರೆಯಲು ಹೊರಟಿದ್ದರು. ನಾನು ಒಳಗೆ ನುಗ್ಗಿ ಇದು ನಮ್ಮ ಕಸುಬು, ನನಗೊಂದು ಅವಕಾಶ ಕೊಡಿ ಎಂದು ಗೋಗರೆದೆ. ಅತ್ತೆ ಹೇಳಿದ ಒಂದೊಂದು ಮಾತನ್ನೂ ವಿವರಿಸಿದೆ. ಅವರು ಬಹಳ ಹೊತ್ತು ಕೇಳಿಸಿಕೊಂಡು, ನಾಳೆ ಬೆಳಿಗ್ಗೆ ನೀವೇ ಅನುವಾದಿಸಿ, ನೀವು ಮನೆಯವರೆಂದು ಗೊತ್ತಿದ್ದೇ ಒಪ್ಪುತ್ತಿದ್ದೇನೆ, ನಿಯತ್ತಿನಿಂದ ಹೇಳಬೇಕು ಎಂದರು.

ಬೆಳಿಗ್ಗೆ ಅತ್ತೆಗೆ ತಲೆ ಬಾಚಿ, ದಿಂಬಿಗೆ ಒರಗಿಸಿ ಕೂರಿಸಿದೆ. ಅಪ್ಪ ಕಿಟಕಿಯ ಹತ್ತಿರ ನಿಂತರು. ಮೊದಲ ಪ್ರಶ್ನೆಗಳು ಸುಲಭವಾಗಿದ್ದವು. ಇದು ಆಸ್ಪತ್ರೆ ಎಂದು ಗೊತ್ತಿದೆಯೇ, ನೋವಿದೆಯೇ, ಈಕೆ ನಿಮಗೇನಾಗಬೇಕು. ಕೊನೆಯ ಪ್ರಶ್ನೆಗೆ ಅತ್ತೆ ಉಗುರು ಮತ್ತು ಮಾಂಸ ಎಂದರು. ನಾನು, ನಾವಿಬ್ಬರೂ ಒಬ್ಬರನ್ನೊಬ್ಬರು ಬಿಟ್ಟಿದ್ದವರಲ್ಲ ಎಂದು ಇಂಗ್ಲಿಷಿನಲ್ಲಿ ಹೇಳಿದೆ. ಡಾಕ್ಟರಮ್ಮ ತಲೆಯಾಡಿಸಿ ಬರೆದುಕೊಂಡರು. ಅವರ ಮುಖದಲ್ಲಿ ನಂಬಿಕೆ ಕಾಣಿಸಿತು.

ಆಮೇಲೆ ಅವರು ಮುಂದಕ್ಕೆ ಬಾಗಿ, ನಿಮ್ಮ ತಮ್ಮ ನಿಮ್ಮನ್ನು ಆರೈಕೆ ಮನೆಗೆ ಸೇರಿಸಬೇಕೆನ್ನುತ್ತಿದ್ದಾರೆ, ನಿಮ್ಮ ಸೋದರ ಸೊಸೆ ಮನೆಗೆ ಕರೆದೊಯ್ಯುತ್ತೇನೆ ಎನ್ನುತ್ತಿದ್ದಾಳೆ, ಆರೈಕೆ ಮನೆಗೆ ಹೋಗುತ್ತೀರಾ ಎಂದು ಕೇಳಿದರು. ನಾನು ಅದನ್ನು ಸ್ಪ್ಯಾನಿಷಿನಲ್ಲಿ ನಿಧಾನವಾಗಿ ಹೇಳಿದೆ.

ಅತ್ತೆ ಡಾಕ್ಟರಮ್ಮನನ್ನು ನೋಡಲಿಲ್ಲ, ನನ್ನನ್ನು ನೋಡಿದರು.

"ನೋ ಐ ತು ತಿಯಾ," ಎಂದರು.

ಇದು ಅಲ್ಲಿನವರು ದಿನಕ್ಕೊಂದು ಸಲವಾದರೂ ಆಡುವ ನುಡಿಗಟ್ಟು. ಅದರ ಮೂಳೆ, ನಿನ್ನ ಅತ್ತೆ ಇಲ್ಲ ಎಂದು. ತಿಯಾ ಎಂದರೆ ಅತ್ತೆಯೂ ಹೌದು, ಚಿಕ್ಕಮ್ಮ ದೊಡ್ಡಮ್ಮನೂ ಹೌದು. ಅಲ್ಲಿ ಎಲ್ಲರಿಗೂ ಒಂದೇ ಪದ. ಯಾವುದೋ ಹಳೆಯ ಮುಲಾಮಿನ ಹೆಸರು ಜನರ ಬಾಯಲ್ಲಿ ತಿರುಚಿಕೊಂಡು ಅತ್ತೆಯಾಯಿತಂತೆ. ಆಡುವವರ ಮನಸ್ಸಿನಲ್ಲಿ ಯಾವ ಅತ್ತೆಯೂ ಇರುವುದಿಲ್ಲ. ಏನೇ ತಲೆಕೆಳಗು ಮಾಡಿದರೂ ಆಗದು, ಸುತಾರಾಂ ಸಾಧ್ಯವಿಲ್ಲ, ಇಷ್ಟೇ ಅದರ ಅರ್ಥ. ಆರೈಕೆ ಮನೆಗೆ ಹೋಗುತ್ತೀರಾ ಎಂದರೆ ಸುತಾರಾಂ ಸಾಧ್ಯವಿಲ್ಲ. ನನಗೆ ಸ್ವರ್ಗ ಕೈಗೆ ಸಿಕ್ಕಿತು.

"ನಥಿಂಗ್ ಡೂಯಿಂಗ್," ಎಂದೆ ಡಾಕ್ಟರಮ್ಮನಿಗೆ. ಅದಕ್ಕಿಂತ ಸಹಜವಾದ ಇಂಗ್ಲಿಷ್ ಇರಲು ಸಾಧ್ಯವಿಲ್ಲ. ಅವರು ಮುಗುಳ್ನಕ್ಕು ಬರೆದುಕೊಂಡರು. ಅಪ್ಪ ಕಿಟಕಿಯ ಕಡೆಗೆ ಮುಖ ತಿರುಗಿಸಿದರು.

ಅತ್ತೆ ಎಡಗೈ ಚಾಚಿ ನನ್ನ ಮಣಿಕಟ್ಟು ಹಿಡಿದರು. ಹಿಡಿತ ಬಿಗಿಯಾಗಿತ್ತು. ತುಟಿ ಒಂದೆರಡು ಸಲ ಸುಮ್ಮನೆ ಆಡಿತು. ಹಣೆಯಲ್ಲಿ ಬೆವರು ಕಾಣಿಸಿತು. ನೋ, ಎಂದರು. ಮಾತು ತಡೆಯಿತು. ಮತ್ತೆ ನೋ ಎಂದರು. ಆಮೇಲೆ ಒಂದೊಂದು ಪದವನ್ನೂ ಬೇರೆಬೇರೆಯಾಗಿ ಎತ್ತಿಟ್ಟರು.

"ನೋ... ಎಸ್ತಾ... ತು ತಿಯಾ."

ಬದಲಾಗಿದ್ದು ಒಂದೇ ಪದ. ಕನ್ನಡದಲ್ಲಿ ಎರಡಕ್ಕೂ ಇಲ್ಲ ಎಂದೇ ಹೇಳಬೇಕು. ಸ್ಪ್ಯಾನಿಷಿನಲ್ಲಿ ಇಲ್ಲ ಎನ್ನಲು ಎರಡು ಬಗೆಯಿದೆ. ಅಂಗಡಿಯಲ್ಲಿ ಸಕ್ಕರೆ ಇಲ್ಲ ಎನ್ನುವಾಗ 'ನೋ ಐ', ಬಾಗಿಲು ತಟ್ಟಿದವರಿಗೆ ಅಮ್ಮ ಮನೆಯಲ್ಲಿಲ್ಲ ಎನ್ನುವಾಗ 'ನೋ ಎಸ್ತಾ'. ನುಡಿಗಟ್ಟಿನಲ್ಲಿ ಇರುವುದು ಸಕ್ಕರೆಯ ಇಲ್ಲ. ಅತ್ತೆ ಅದನ್ನು ಕಿತ್ತು ಮನುಷ್ಯರ ಇಲ್ಲವನ್ನು ಇಟ್ಟಿದ್ದರು. ಸಿದ್ಧ ಮಾತಿನ ಒಂದು ಪದವನ್ನೂ ಅಲುಗಿಸಲಾರರು ಎಂದು ಚಿಕಿತ್ಸೆಯಾಕೆ ಹೇಳಿದ್ದಳಲ್ಲ, ಬೆವರಿಳಿಸಿ ಅಲುಗಿಸಿದ್ದರು. ಕಾಯಿಲೆ ಬಿದ್ದಂದಿನಿಂದ ಅವರು ತಾವಾಗಿ ಕಟ್ಟಿದ ಮೊದಲ ವಾಕ್ಯ ಅದು. ಅದನ್ನು ನನಗೋಸ್ಕರ ಕಟ್ಟಿದ್ದರು.

ನೀನು ಯಾರನ್ನು ಮನೆಗೆ ಕರೆದೊಯ್ಯಬೇಕೆಂದು ಕಾದು ಕೂತಿದ್ದೀಯೋ, ಮೇಜಿನ ಆಚೆ ಕೂತು ನಿನ್ನನ್ನು ಬೈಯುತ್ತಿದ್ದವಳು, ಅವಳು ಇಲ್ಲಿಲ್ಲ. ಮಿಕ್ಕಿರುವುದನ್ನು ಆ ಮೆಟ್ಟಿಲ ಮೇಲೆ ಹೊತ್ತು ನಿನ್ನ ಆಯುಸ್ಸು ಸವೆಸಬೇಡ. ನನಗೆ ಅಷ್ಟೂ ಅರ್ಥವಾಯಿತು. ಮೊದಲ ಸಲವೂ ಅವರು ಹೇಳಹೊರಟದ್ದು ಇದನ್ನೇ, ಸಾಧ್ಯವಿಲ್ಲ ಎಂದಲ್ಲ. ಅರ್ಥವಾಗದಿದ್ದರೆ ಚೆನ್ನಾಗಿತ್ತು ಎನ್ನಿಸಿತು. ಅತ್ತೆ ನನ್ನ ಮಣಿಕಟ್ಟು ಬಿಟ್ಟು, ಆ ಕೈಯನ್ನು ಮೆಲ್ಲಗೆ ಅಪ್ಪ ನಿಂತಿದ್ದ ಕಡೆಗೆ ಚಾಚಿದರು. ಅಪ್ಪ ಬಂದು ಹಿಡಿದುಕೊಂಡರು.

"ಈಗೇನಂದ್ರು? ಅದೇ ಮಾತಾ?" ಡಾಕ್ಟರಮ್ಮ ಕೇಳಿದರು.

ಹೌದು ಎಂದರೆ ಮುಗಿಯುತ್ತಿತ್ತು. ಆ ಕೋಣೆಯಲ್ಲಿ ನಮ್ಮಿಬ್ಬರನ್ನು ಬಿಟ್ಟು 'ಐ'ಗೂ 'ಎಸ್ತಾ'ಗೂ ಇರುವ ವ್ಯತ್ಯಾಸ ತಿಳಿದವರಿರಲಿಲ್ಲ. ಅತ್ತೆ ಮನೆಗೆ ಬರುತ್ತಿದ್ದರು. ಕಿಟಕಿಯ ಪಕ್ಕದ ಕುರ್ಚಿ ಖಾಲಿ ಇರುತ್ತಿರಲಿಲ್ಲ. ನಾನು ಅತ್ತೆಯ ಮುಖ ನೋಡಿದೆ. ಅವರು ನನ್ನ ಬಾಯನ್ನೇ ನೋಡುತ್ತಿದ್ದರು.

"ಅದೇ ಅಲ್ಲ," ಎಂದೆ. "ನಿನ್ನ ಅತ್ತೆ ಇಲ್ಲಿಲ್ಲ ಅಂತಿದ್ದಾರೆ. ನನಗೆ ಹೇಳ್ತಿದ್ದಾರೆ."

"ಅದೂ ಒಂದು ನುಡಿಗಟ್ಟಾ? ಹಾಗಂದ್ರೆ ಏನರ್ಥ?"

"ನುಡಿಗಟ್ಟಲ್ಲ ಡಾಕ್ಟ್ರೇ. ಪದಕ್ಕೆ ಪದ ಅಷ್ಟೇ ಅರ್ಥ. ಅವರು ಆರೈಕೆ ಮನೆಗೆ ಹೋಗ್ತಾರೆ."

ಡಾಕ್ಟರಮ್ಮ ಮೊದಲಿನ ಸಾಲಿನ ಮೇಲೆ ಪೆನ್ನು ಇಟ್ಟರು. ಹಾಗಾದರೆ ಮೊದಲು ಬರೆದುಕೊಂಡದ್ದನ್ನು ಏನು ಮಾಡಲಿ ಎಂದು ಕೇಳಿದರು.

"ಅದನ್ನ ಹೊಡೆದುಹಾಕಿ," ಎಂದೆ. "ಅದು ಅತ್ತೆ ಮಾತಲ್ಲ, ನಂದು."